ಬಣ್ಣ ಹೋದರೆ ಸಾಲದು

ವರ್ಷಗಟ್ಟಲೆ ಬಿಸಿಲಿಗೆ ಮೈಯೊಡ್ಡಿದ ಬಿಳಿ ಪೇಂಟಿನ ಗೇಟನ್ನೋ ಗೋಡೆಯನ್ನೋ ಅಂಗೈಯಿಂದ ಸವರಿದರೆ ನುಣ್ಣನೆಯ ಬಿಳಿ ಪುಡಿ ಕೈಗೆ ಮೆತ್ತಿಕೊಳ್ಳುತ್ತದೆ. ಪೇಂಟ್ ಹಳತಾಯಿತು, ಮತ್ತೆ ಹೊಡೆಸಬೇಕು ಎಂದು ಮನೆಯವರು ಲೆಕ್ಕ ಹಾಕುತ್ತಾರೆ. ಪೇಂಟ್ ಉದ್ಯಮದವರು ಇದನ್ನು 'ಚಾಕಿಂಗ್' ಎಂದು ಕರೆಯುತ್ತಾರೆ. ಪೇಂಟಿಗೆ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳನ್ನು ಈ ಪುಡಿಯ ಕಣಗಳು ಹೀರಿಕೊಂಡಾಗ, ಅವನ್ನು ಗೋಡೆಗೆ ಅಂಟಿಸಿ ಹಿಡಿದಿರುವ ರಾಳವೇ ನಿಧಾನವಾಗಿ ಕೊಳೆತು ನಾಶವಾಗುತ್ತದೆ. ಹಿಡಿದಿಟ್ಟ ಅಂಟೇ ಹೋದಮೇಲೆ ಕಣಗಳು ಉದುರದೆ ಏನು ಮಾಡಿಯಾವು?

ಈ ತೊಂದರೆಯ ಮೂಲವನ್ನು ಹುಡುಕುತ್ತ 1938ರಲ್ಲೇ ಬ್ರಿಟನ್ನಿನಲ್ಲಿದ್ದ ಗುಡೀವ್ ಮತ್ತು ಕಿಚೆನರ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಟೈಟಾನಿಯಂ ಡೈಆಕ್ಸೈಡ್ ಪುಡಿಯ ಮೇಲೆ ಬೆಳಕು ಬಿದ್ದಾಗ ಬಟ್ಟೆಯ ಬಣ್ಣ ಮಾಸಿ ಮಾಯವಾಗುವುದನ್ನು ಅಳೆದು ಪ್ರಕಟಿಸಿದ್ದರು. ಪುಡಿ ಮಾತ್ರ ಇದ್ದ ಹಾಗೇ ಉಳಿಯುತ್ತಿತ್ತು. ಉದ್ಯಮಕ್ಕೆ ಅದರಲ್ಲಿ ಕಂಡದ್ದು ಕಾಟ ಮಾತ್ರ. ಅಂದಿನಿಂದ ಇಂದಿನವರೆಗೆ ಹೊರಗೋಡೆಯ ಪೇಂಟಿಗೆ ಹಾಕುವ ಟೈಟಾನಿಯಂ ಕಣಗಳಿಗೆ ಸಿಲಿಕಾ, ಅಲ್ಯೂಮಿನಾಗಳ ತೆಳುಪೊರೆ ಹೊದಿಸುತ್ತಾರೆ. ನೆರೆಯ ಕೇರಳದ ಚವರದಲ್ಲಿ ಕಡಲ ಮರಳಿನ ಇಲ್ಮೆನೈಟ್ ಅದಿರಿನಿಂದ ಇದೇ ಬಿಳಿ ಪುಡಿ ತಯಾರಾಗುತ್ತದೆ. ಅದಿರಿನಿಂದ ಬಿಳುಪು ತೆಗೆಯುವುದು ಅರ್ಧ ಕೆಲಸ, ಆ ಬಿಳುಪು ಬಿಸಿಲಲ್ಲಿ ಕೆರಳದಂತೆ ಸುಮ್ಮನಿರಿಸುವುದು ಇನ್ನರ್ಧ.

ಪೇಂಟಿನವರು ಅದುಮಿಡುವ ಈ ಗುಣವನ್ನೇ ನೀರಿನ ವಿಜ್ಞಾನಿಗಳು ಕಳೆದ ಐವತ್ತು ವರ್ಷಗಳಿಂದ ಬಿಚ್ಚಿಬಿಡಲು ಹೆಣಗುತ್ತಿದ್ದಾರೆ. ಗೋಡೆಯ ರಾಳವನ್ನು ಕೊಳೆಸಬಲ್ಲ ಪುಡಿ ನೀರಿನಲ್ಲಿರುವ ಕೀಟನಾಶಕ, ಔಷಧಿಯ ಉಳಿಕೆ, ಬಟ್ಟೆಯ ಬಣ್ಣಗಳನ್ನು ಏಕೆ ಕೊಳೆಸಬಾರದು? ಅದೂ ನಮ್ಮಲ್ಲಿ ಧಾರಾಳವಾಗಿರುವ ಬಿಸಿಲಿನಲ್ಲಿ? ಈ ವಿಧಾನಕ್ಕೆ ದ್ಯುತಿವೇಗವರ್ಧನೆ ಎಂದು ಹೆಸರು. ಇದರ ಬಗ್ಗೆ ಪ್ರಕಟವಾದ ಸಂಶೋಧನಾ ಪ್ರಬಂಧಗಳನ್ನು ಸಾವಿರಗಳಲ್ಲಿ ಎಣಿಸಬೇಕು. ಇಷ್ಟಾದರೂ ನಿಮ್ಮೂರಿನ ನೀರು ಶುದ್ಧೀಕರಣ ಘಟಕದಲ್ಲಿ ಇದು ಕಾಣುವುದಿಲ್ಲ. ಪ್ರಯೋಗಾಲಯದಲ್ಲಿ ಗೆದ್ದದ್ದು ಕೆರೆಯ ಬಳಿ ಏಕೆ ಸೋತಿತು ಎಂಬುದನ್ನು ಬಿಡಿಸಿ ನೋಡಬೇಕಾದರೆ ಮೊದಲು ಆ ಕಣದೊಳಗೆ ನಡೆಯುವುದೇನು ಎಂದು ತಿಳಿಯಬೇಕು.

ಟೈಟಾನಿಯಂ ಡೈಆಕ್ಸೈಡ್ ಒಂದು ಅರೆವಾಹಕ. ಅದರ ಎಲೆಕ್ಟ್ರಾನ್‌ಗಳು ಸಾಮಾನ್ಯವಾಗಿ ಕೆಳಗಿನ ಶಕ್ತಿಮಟ್ಟದಲ್ಲಿ ತುಂಬಿಕೊಂಡಿರುತ್ತವೆ. ಮೇಲೊಂದು ಖಾಲಿ ಶಕ್ತಿಮಟ್ಟವಿದೆ. ಎರಡರ ನಡುವೆ ಯಾವ ಎಲೆಕ್ಟ್ರಾನೂ ನಿಲ್ಲಲಾಗದ ಅಂತರ. ಇದು ಬ್ಯಾಂಡ್ ಗ್ಯಾಪ್. ಅನಟೇಸ್ ಎಂಬ ಹರಳುರೂಪದಲ್ಲಿ ಈ ಅಂತರ 3.2 ಎಲೆಕ್ಟ್ರಾನ್ ವೋಲ್ಟ್, ರೂಟೈಲ್ ಎಂಬ ಇನ್ನೊಂದು ರೂಪದಲ್ಲಿ 3.0. ಅನಟೇಸ್‌ನ ಎಲೆಕ್ಟ್ರಾನನ್ನು ಮೇಲಕ್ಕೆ ಹಾರಿಸಬೇಕಾದರೆ 388 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕೇ ಬೇಕು. ಅಂಥ ಫೋಟಾನ್ ಬಡಿದಾಗ ಒಂದು ಎಲೆಕ್ಟ್ರಾನ್ ಮೇಲಕ್ಕೆ ಹೋಗುತ್ತದೆ, ಕೆಳಗೆ ಅದರ ಜಾಗ ಖಾಲಿಯಾಗುತ್ತದೆ. ಈ ಖಾಲಿ ಜಾಗವನ್ನು ವಿಜ್ಞಾನಿಗಳು ರಂಧ್ರ ಎನ್ನುತ್ತಾರೆ. ಅದು ಧನ ವಿದ್ಯುದಂಶದಂತೆ ವರ್ತಿಸುತ್ತದೆ, ಕಣದೊಳಗೆ ಓಡಾಡುತ್ತದೆ, ಎಲ್ಲಿಂದಾದರೂ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳಲು ಕಾಯುತ್ತಿರುತ್ತದೆ.

ಇಲ್ಲಿಂದ ಮುಂದೆ ಎರಡು ದಾರಿ. ಹಾರಿದ ಎಲೆಕ್ಟ್ರಾನ್ ಮತ್ತೆ ಕೆಳಗಿಳಿದು ರಂಧ್ರವನ್ನು ಸೇರಿಕೊಂಡರೆ ಬಂದ ಬೆಳಕು ಬಿಸಿಯಾಗಿ ಸೋರಿಹೋಯಿತು, ಕೆಲಸ ಕೆಟ್ಟಿತು. ಬಹುಪಾಲು ಜೋಡಿಗಳ ಗತಿ ಇದೇ. ಉಳಿದವು ಕಣದ ಮೈಗೆ ಬಂದು ನೀರನ್ನು ಮುಟ್ಟುತ್ತವೆ. ಅಲ್ಲಿ ರಂಧ್ರವು ನೀರಿನಿಂದ ಎಲೆಕ್ಟ್ರಾನ್ ಕಿತ್ತು ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿಸುತ್ತದೆ. ಎಲೆಕ್ಟ್ರಾನ್ ಹೋಗಿ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹಿಡಿದು ಅದನ್ನೂ ಚುರುಕಾಗಿಸುತ್ತದೆ. ಉತ್ಕರ್ಷಣ ಶಕ್ತಿಯನ್ನು ವೋಲ್ಟ್‌ಗಳಲ್ಲಿ ಅಳೆದರೆ ನಲ್ಲಿನೀರಿಗೆ ಹಾಕುವ ಕ್ಲೋರಿನ್‌ಗೆ ಸುಮಾರು 1.36, ಓಝೋನ್‌ಗೆ 2.07, ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗೆ ಸುಮಾರು 2.8. ಎದುರಿಗೆ ಸಿಕ್ಕಿದ ಸಾವಯವ ಅಣು ಯಾವುದೇ ಇರಲಿ, ಅದರ ಮೇಲೆ ಎರಗುತ್ತದೆ, ಕಡಿಯುತ್ತದೆ. ಕಡಿದ ತುಂಡುಗಳನ್ನು ಮತ್ತೆ ಕಡಿಯುತ್ತ ಹೋದರೆ ಕೊನೆಗೆ ಉಳಿಯುವುದು ಕಾರ್ಬನ್ ಡೈಆಕ್ಸೈಡ್, ನೀರು, ಒಂದಿಷ್ಟು ನೈಟ್ರೇಟ್, ಸಲ್ಫೇಟ್, ಕ್ಲೋರೈಡ್. ಇದನ್ನು ಖನಿಜೀಕರಣ ಎನ್ನುತ್ತಾರೆ. ಓದುಗರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಎಲ್ಲ ಜಗಳ ಇದರ ಸುತ್ತಲೇ.

ರ್‍ಯಾಡಿಕಲ್‌ನ ಈ ಉಗ್ರತೆಗೆ ತಕ್ಕಂತೆ ಅದರ ಆಯುಸ್ಸು ತೀರಾ ಕಡಿಮೆ, ನ್ಯಾನೋಸೆಕೆಂಡುಗಳ ಲೆಕ್ಕ. ಹುಟ್ಟಿದ ಕಣದ ಮೈಯಿಂದ ಅದು ಹೆಚ್ಚು ದೂರ ಹೋಗಲಾರದು. ಎಂದರೆ ಕೊಳೆಯೇ ಕಣದ ಹತ್ತಿರಕ್ಕೆ ಬರಬೇಕು. ಕಣದ ಮೈ ಎಷ್ಟು ದೊಡ್ಡದೋ ಕೆಲಸ ಅಷ್ಟು ಹೆಚ್ಚು. ನ್ಯಾನೋ ಎಂಬ ಮಾತು ಈ ಕಥೆಗೆ ಬಂದದ್ದು ಈ ಕಾರಣಕ್ಕೆ, ಅಲಂಕಾರಕ್ಕಲ್ಲ.

ನ್ಯಾನೋ ಲೆಕ್ಕಕ್ಕೆ ಮುಂಚೆ ಟೋಕಿಯೋಗೆ ಹೋಗಿ ಬರಬೇಕು. 1967ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಅಕಿರಾ ಫುಜಿಶಿಮಾ ಎಂಬ ಸಂಶೋಧನಾ ವಿದ್ಯಾರ್ಥಿ ಟೈಟಾನಿಯಂ ಡೈಆಕ್ಸೈಡ್‌ನ ಒಂದು ಹರಳನ್ನು ನೀರಿನಲ್ಲಿ ಮುಳುಗಿಸಿ, ತಂತಿಯ ಇನ್ನೊಂದು ತುದಿಗೆ ಪ್ಲಾಟಿನಂ ಜೋಡಿಸಿ, ಹರಳಿನ ಮೇಲೆ ಪ್ರಬಲ ಬೆಳಕು ಬಿಟ್ಟರು. ಹರಳಿನ ಮೈಯಿಂದ ಗುಳ್ಳೆಗಳೆದ್ದವು, ಬೆಳಕು ಆರಿಸಿದಾಗ ನಿಂತವು. ಹರಳಿನ ಬದಿಯಲ್ಲಿ ಆಮ್ಲಜನಕ, ಪ್ಲಾಟಿನಂ ಬದಿಯಲ್ಲಿ ಜಲಜನಕ. ಬೆಳಕು ನೀರನ್ನು ಒಡೆಯುತ್ತಿತ್ತು, ಹರಳು ಮಾತ್ರ ಸವೆಯುತ್ತಿರಲಿಲ್ಲ. ಗುರು ಕೆನಿಚಿ ಹೋಂಡಾ ಅವರೊಡನೆ ಬರೆದ ಪ್ರಬಂಧ 1972ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಮರುವರ್ಷವೇ ತೈಲ ಬಿಕ್ಕಟ್ಟು. ನೀರು, ಬಿಸಿಲುಗಳಿಂದ ಜಲಜನಕದ ಇಂಧನ ಸಿಗುವುದಾದರೆ ಯಾರಿಗೆ ಬೇಡ? ಜಗತ್ತಿನ ಪ್ರಯೋಗಾಲಯಗಳೆಲ್ಲ ಈ ಬಿಳಿ ಪುಡಿಯ ಹಿಂದೆ ಬಿದ್ದವು. ಇಂಧನವಾಗುವಷ್ಟು ಜಲಜನಕ ಅದರಿಂದ ಸಿಗಲಿಲ್ಲ. ಆದರೆ ಅದೇ ದಶಕದಲ್ಲಿ ಬೇರೊಂದು ಬಾಗಿಲು ತೆರೆಯಿತು. 1976ರಲ್ಲಿ ಕೆನಡಾದ ಜಾನ್ ಕ್ಯಾರಿ ಮತ್ತು ಸಂಗಡಿಗರು ಸುಲಭಕ್ಕೆ ಕೊಳೆಯದ ಪಿಸಿಬಿ ಎಂಬ ವಿಷವಸ್ತುಗಳಿಂದ ಈ ಪುಡಿಯೂ ಬೆಳಕೂ ಸೇರಿ ಕ್ಲೋರಿನ್ ಕಿತ್ತುಹಾಕುವುದನ್ನು ತೋರಿಸಿದರು. 1977ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಫ್ರಾಂಕ್ ಮತ್ತು ಬಾರ್ಡ್ ನೀರಿನಲ್ಲಿರುವ ಸಯನೈಡನ್ನು ಇದೇ ರೀತಿ ನಿರ್ವಿಷಗೊಳಿಸಿದರು. ನೀರಿನ ಶುದ್ಧೀಕರಣಕ್ಕೆ ದ್ಯುತಿವೇಗವರ್ಧನೆ ಕಾಲಿಟ್ಟದ್ದು ಹೀಗೆ.

ಈಗ ಮೈಯಳತೆಯ ಲೆಕ್ಕ. ಒಂದು ಸೆಂಟಿಮೀಟರ್ ಬದಿಯ ಘನದ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ಬದಿಯ ಚೂರುಗಳಾಗಿ ಕತ್ತರಿಸಿದರೆ ವಸ್ತು ಹೆಚ್ಚಾಗುವುದಿಲ್ಲ, ಮೈ ಮಾತ್ರ ಹತ್ತು ಲಕ್ಷ ಪಟ್ಟು ಹೆಚ್ಚಿ 600 ಚದರ ಮೀಟರ್ ಆಗುತ್ತದೆ. ಟೈಟಾನಿಯಂ ಡೈಆಕ್ಸೈಡ್‌ನ ಸಾಂದ್ರತೆಯಿಂದ ಭಾಗಿಸಿದರೆ ಒಂದು ಗ್ರಾಮಿಗೆ ಸುಮಾರು 150 ಚದರ ಮೀಟರ್. ಚಮಚದ ತುದಿಯಲ್ಲಿ ನಿಲ್ಲುವ ಒಂದು ಗ್ರಾಂ ಪುಡಿಯ ಮೈ ಬೆಂಗಳೂರಿನ ಒಂದು ಥರ್ಟಿ-ಫಾರ್ಟಿ ಸೈಟಿಗಿಂತ ದೊಡ್ಡದು. ಜಗತ್ತಿನಾದ್ಯಂತ ಹೋಲಿಕೆಗೆ ಬಳಸುವ ಪಿ-25 ಎಂಬ ಜರ್ಮನಿಯ ಪುಡಿಯಲ್ಲಿ ಅನಟೇಸ್ ಹೆಚ್ಚಾಗಿ, ರೂಟೈಲ್ ಸ್ವಲ್ಪವಾಗಿ ಬೆರೆತಿರುತ್ತವೆ. ಅದರ ಮೈ ಗ್ರಾಮಿಗೆ ಸುಮಾರು 50 ಚದರ ಮೀಟರ್.

ಇದಕ್ಕಿಂತ ದೊಡ್ಡ ಮೈಯ ಪುಡಿಯನ್ನು ಕೆಲವೇ ನಿಮಿಷಗಳಲ್ಲಿ ಮಾಡಿ ತೋರಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅದರ ಹಿನ್ನೆಲೆ ಸ್ವಾರಸ್ಯದ್ದು. ಲೋಹದ ಆಕ್ಸೈಡ್‌ಗಳನ್ನು ಮಾಡಬೇಕಾದರೆ ಪುಡಿಗಳನ್ನು ಬೆರೆಸಿ, ಸಾವಿರ ಡಿಗ್ರಿಗೂ ಮೇಲಿನ ಕುಲುಮೆಯಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬೇಯಿಸುವುದು ರೂಢಿ. ಇದೇ ಸಂಸ್ಥೆಯ ಕಿಂಗ್ಸ್‌ಲಿ ಮತ್ತು ಕೆ.ಸಿ. ಪಾಟೀಲರು 1988ರಲ್ಲಿ ಬೇರೆ ದಾರಿ ಪ್ರಕಟಿಸಿದರು. ಲೋಹದ ನೈಟ್ರೇಟನ್ನೂ ಯೂರಿಯಾವನ್ನೂ ನೀರಿನಲ್ಲಿ ಕರಗಿಸಿ, ಬಟ್ಟಲನ್ನು 500 ಡಿಗ್ರಿಗೆ ಕಾಯಿಸಿದ ಕುಲುಮೆಯೊಳಗೆ ಇಟ್ಟುಬಿಡುವುದು. ದ್ರಾವಣ ಕುದಿಯುತ್ತದೆ, ನೀರು ಆರಿ ಮಂದವಾಗುತ್ತದೆ, ನೊರೆ ಉಬ್ಬುತ್ತದೆ, ಇದ್ದಕ್ಕಿದ್ದಂತೆ ಹೊತ್ತಿಕೊಳ್ಳುತ್ತದೆ. ನೈಟ್ರೇಟು ಆಮ್ಲಜನಕ ಒದಗಿಸುತ್ತದೆ, ಯೂರಿಯಾ ಇಂಧನವಾಗುತ್ತದೆ. ಬೇಕಾದ ತೀವ್ರ ಶಾಖ ಒಳಗಿನಿಂದಲೇ ಹುಟ್ಟುವುದರಿಂದ ಕುಲುಮೆ ಕಿಡಿ ಹೊತ್ತಿಸಿದರೆ ಸಾಕು. ಹೊರನುಗ್ಗುವ ಅನಿಲಗಳು ವಸ್ತುವನ್ನು ಉಬ್ಬಿಸಿ ಚದುರಿಸುವುದರಿಂದ ಕಣಗಳು ಒಂದಕ್ಕೊಂದು ಬೆಸೆದುಕೊಂಡು ದಪ್ಪವಾಗಲು ಹೊತ್ತೇ ಸಿಗುವುದಿಲ್ಲ. ಐದು ನಿಮಿಷದೊಳಗೆ ಬಟ್ಟಲಿನಲ್ಲಿ ಹಗುರವಾದ, ಗಾಳಿ ತುಂಬಿದ ಪುಡಿ. ಇಂಥ ಸರಳ ಉಪಾಯ ಹೊಳೆಯುವುದಕ್ಕೆ ರಸಾಯನಶಾಸ್ತ್ರ ಕರತಲಾಮಲಕವಾಗಿರಬೇಕು.

ಎಂ.ಎಸ್. ಹೆಗಡೆ, ಗಿರಿಧರ್ ಮದ್ರಾಸ್ ಮತ್ತು ಅವರ ವಿದ್ಯಾರ್ಥಿಗಳು ಈ ವಿಧಾನವನ್ನು ಟೈಟಾನಿಯಂಗೆ ತಿರುಗಿಸಿದರು. ಟೈಟಾನೈಲ್ ನೈಟ್ರೇಟ್, ಇಂಧನವಾಗಿ ಗ್ಲೈಸಿನ್, 350 ಡಿಗ್ರಿಯ ಕುಲುಮೆ. ಬಂದದ್ದು 8ರಿಂದ 10 ನ್ಯಾನೋಮೀಟರಿನ ಅನಟೇಸ್ ಕಣಗಳು, ಗ್ರಾಮಿಗೆ 156 ಚದರ ಮೀಟರ್ ಮೈ. ಮೇಲೆ ನಾವು ಕಾಗದದ ಮೇಲೆ ಹಾಕಿದ ಲೆಕ್ಕಕ್ಕೆ ಇದು ಎಷ್ಟು ಹತ್ತಿರವಿದೆ ನೋಡಿ. 2003ರಲ್ಲಿ ಪ್ರಕಟವಾದ ಅವರ ಫಲಿತಾಂಶಗಳಲ್ಲಿ ಹಲವು ಬಗೆಯ ಬಟ್ಟೆಬಣ್ಣಗಳನ್ನು ಈ ಪುಡಿ ಪಿ-25ಕ್ಕಿಂತ ಬೇಗ ಕೊಳೆಸಿತ್ತು. ಬೆಂಗಳೂರಿನಲ್ಲಿ ಹುಟ್ಟಿದ ಈ ವಿಧಾನವನ್ನು ಇಂದು ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳು ಬಳಸುತ್ತವೆ. ಕನ್ನಡದ ಪಠ್ಯಪುಸ್ತಕಗಳಲ್ಲಿ ಇದಕ್ಕೊಂದು ಪುಟವಾದರೂ ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಹೀಗೆ ತಯಾರಾದ ಪುಡಿ ಒಳ್ಳೆಯದೋ ಅಲ್ಲವೋ ಎಂದು ಹೇಗೆ ಪರೀಕ್ಷಿಸುತ್ತಾರೆ? ಯಾವ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಹೋದರೂ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. ಬೀಕರಿನಲ್ಲಿ ಡಿಸ್ಟಿಲ್ಡ್ ವಾಟರ್. ಅದಕ್ಕೆ ಮಿಥಿಲೀನ್ ಬ್ಲೂ ಎಂಬ ಬಣ್ಣದ ಕೆಲವು ಮಿಲಿಗ್ರಾಂ ಹಾಕಿದರೆ ನೀರು ಗಾಢ ನೀಲಿ. ಮೇಲೆ ಒಂದಿಷ್ಟು ಬಿಳಿ ಪುಡಿ. ತಳದಲ್ಲಿ ಅಯಸ್ಕಾಂತದ ಕಡ್ಡಿ ಗಿರ್ರನೆ ತಿರುಗುತ್ತಿರುತ್ತದೆ. ಮೊದಲ ಅರ್ಧ ಗಂಟೆ ಕತ್ತಲಲ್ಲಿ, ಬಣ್ಣ ಪುಡಿಯ ಮೈಗೆ ಎಷ್ಟು ಅಂಟುತ್ತದೋ ಅಷ್ಟು ಅಂಟಿಕೊಳ್ಳಲಿ ಎಂದು. ಆಮೇಲೆ ದೀಪ. ಕೆಲವು ನಿಮಿಷಕ್ಕೊಮ್ಮೆ ಪಿಪೆಟ್ಟಿನಿಂದ ಸ್ವಲ್ಪ ನೀರು ತೆಗೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪುಡಿಯನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನು ಸ್ಪೆಕ್ಟ್ರೋಫೋಟೋಮೀಟರಿಗೆ ಕೊಡುತ್ತಾರೆ. ಈ ಬಣ್ಣ 664 ನ್ಯಾನೋಮೀಟರಿನ ಬೆಳಕನ್ನು ಅತಿ ಹೆಚ್ಚು ಹೀರುತ್ತದೆ. ಆ ಹೀರಿಕೆ ಇಳಿಯುತ್ತ ಬರುತ್ತದೆ. ಸಾಲಾಗಿ ನಿಲ್ಲಿಸಿದ ಸಣ್ಣ ಬಾಟಲಿಗಳಲ್ಲಿ ನೀಲಿ ತಿಳಿಯಾಗಿ, ಕೊನೆಯದರಲ್ಲಿ ನೀರು ಬಣ್ಣವೇ ಇಲ್ಲದೆ ನಿಂತಿರುತ್ತದೆ. ಫೋಟೋ ತೆಗೆಯುತ್ತಾರೆ. ಶೇಕಡಾ 98 ಎಂದು ಬರೆಯುತ್ತಾರೆ.

ನೋಡುವವರ ಮನಸ್ಸು ಗೆಲ್ಲುವ ಪ್ರಯೋಗ ಇದು. ಹೊಸ ವಿದ್ಯಾರ್ಥಿಗೆ ಹುಮ್ಮಸ್ಸು ಕೊಡುತ್ತದೆ. ಅಗ್ಗ, ಬೇಗ ಮುಗಿಯುತ್ತದೆ, ದುಬಾರಿ ಉಪಕರಣ ಬೇಡ. ನನ್ನ ತಕರಾರು ಪ್ರಯೋಗದ ಮೇಲಲ್ಲ, ಅಲ್ಲಿಗೇ ನಿಲ್ಲಿಸುವುದರ ಮೇಲೆ. ನೀಲಿ ಹೋಯಿತು ಎಂದಾಗ ಹೋದದ್ದೇನು? ಮಿಥಿಲೀನ್ ಬ್ಲೂ ಎರಡು ಎಲೆಕ್ಟ್ರಾನ್ ಪಡೆದುಕೊಂಡರೂ ಬಣ್ಣ ಕಳೆದುಕೊಳ್ಳುತ್ತದೆ. ಅಣು ಇಡಿಯಾಗಿಯೇ ಇರುತ್ತದೆ, ಗಾಳಿಯ ಆಮ್ಲಜನಕ ಸೋಕಿದರೆ ನೀಲಿ ಮರಳುತ್ತದೆ. ಅಣುವಿನ ಒಂದು ಬಂಧ ಕಡಿದರೂ ಬಣ್ಣ ಹೋಗಬಹುದು, ಉಳಿದ ತುಂಡು ಕಣ್ಣಿಗೆ ಕಾಣದೆ ನೀರಿನಲ್ಲೇ ಇರುತ್ತದೆ. ಇನ್ನೂ ಒಂದು ಗೋಜಲು: ಬಣ್ಣ ತಾನೇ ಬೆಳಕು ಹೀರಿ ಪುಡಿಗೆ ಎಲೆಕ್ಟ್ರಾನ್ ದಾಟಿಸಿ ತನ್ನಷ್ಟಕ್ಕೆ ಕೆಡಬಹುದು. ಆಗ ಪುಡಿ ಗೋಚರ ಬೆಳಕಿನಲ್ಲಿ ಕೆಲಸ ಮಾಡಿತು ಎಂಬ ಹೊಗಳಿಕೆ ಪೂರ್ತಿ ತಪ್ಪು. ಬಣ್ಣವಿಲ್ಲದ ಕೀಟನಾಶಕದ ಮುಂದೆ ಅದೇ ಪುಡಿ ಕೈಚೆಲ್ಲುತ್ತದೆ. ಗೋಚರ ಬೆಳಕಿನ ಪರೀಕ್ಷೆಗೆ ಮಿಥಿಲೀನ್ ಬ್ಲೂ ತಕ್ಕುದೇ ಎಂದು ಜಪಾನಿನ ಸಂಶೋಧಕರು 2006ರಲ್ಲೇ ಪ್ರಬಂಧ ಬರೆದು ಪ್ರಶ್ನಿಸಿದ್ದರು. ಅದಾದ ಮೇಲೂ ಪ್ರತಿವರ್ಷ ಅದೇ ನೀಲಿ ಬಾಟಲಿಗಳ ಸಾಲು ಬರುತ್ತಲೇ ಇದೆ.

ಇದು ಬರೀ ಪ್ರಯೋಗಾಲಯದ ಶಿಸ್ತಿನ ಮಾತಲ್ಲ. ತಮಿಳುನಾಡಿನ ತಿರುಪ್ಪೂರನ್ನು ನೋಡಿ. ಹತ್ತಿಯ ಹೆಣಿಗೆ ಬಟ್ಟೆಗೆ ಹೆಸರಾದ ಊರು. ಬಣ್ಣ ಹಾಕುವ ಘಟಕಗಳ ನೀರು ನೊಯ್ಯಲ್ ನದಿಗೆ ಸೇರುತ್ತಿತ್ತು. ನೊಯ್ಯಲ್ ನಮ್ಮ ಕಾವೇರಿಯ ಉಪನದಿ. ಕೆಳಗಿನ ಒರತ್ತುಪಾಳಯಂ ಅಣೆಕಟ್ಟು ನೀರಾವರಿಗೆಂದು ಕಟ್ಟಿದ್ದು, ಬಣ್ಣದ ನೀರಿನ ಹೊಂಡವಾಯಿತು. ರೈತರ ಹೊಲ ಕೆಟ್ಟದ್ದು ಕೆಂಪು ನೀಲಿಗಳಿಂದ ಮಾತ್ರವಲ್ಲ, ಹೆಚ್ಚಾಗಿ ಉಪ್ಪಿನಿಂದ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಿಡಿಯಬೇಕಾದರೆ ಡೈ ತೊಟ್ಟಿಗೆ ಲೀಟರಿಗೆ ಹತ್ತಾರು ಗ್ರಾಂ ಉಪ್ಪು ಸುರಿಯಬೇಕು. ಬಟ್ಟೆ ಹೊರಬರುತ್ತದೆ, ಉಪ್ಪೆಲ್ಲ ನೀರಿನಲ್ಲಿ ಉಳಿಯುತ್ತದೆ. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚಿಸಿತು. ಇಂಥ ನೀರಿಗೆ ಜಗತ್ತಿನ ಅತ್ಯುತ್ತಮ ನ್ಯಾನೋ ಪುಡಿ ಹಾಕಿ ಬಿಸಿಲಿಗಿಟ್ಟರೂ ಬಣ್ಣ ಹೋದೀತು, ಉಪ್ಪಿನ ಒಂದು ಕಾಳೂ ಕಡಿಮೆಯಾಗುವುದಿಲ್ಲ. ಸಾಲದ್ದಕ್ಕೆ ಆ ಉಪ್ಪಿನ ಕ್ಲೋರೈಡ್ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳನ್ನು ತಾನೇ ನುಂಗಿ ಬಣ್ಣ ಕೆಡುವುದನ್ನೂ ತಡಮಾಡುತ್ತದೆ. ಕೆಳಗಿನ ಹೊಲದವನಿಗೆ ತಿಳಿನೀರು ಕಂಡು ಮೋಸ ಹೋಗುವ ಪಾಡು ಬೇರೆ.

ರ್‍ಯಾಡಿಕಲ್ ನುಂಗುವ ಈ ಚಾಳಿ ಕ್ಲೋರೈಡಿಗಷ್ಟೇ ಇಲ್ಲ. ಬೈಕಾರ್ಬನೇಟಿಗೂ ಇದೆ, ಕೊಳೆತ ಎಲೆ ಕಡ್ಡಿಗಳಿಂದ ಬರುವ ಕಂದು ಸಾವಯವ ದ್ರವ್ಯಕ್ಕೂ ಇದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಬೋರ್‌ವೆಲ್ ನೀರು ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಕಂಡವರಿಗೆ ಅದರಲ್ಲಿ ಬೈಕಾರ್ಬನೇಟ್ ಎಷ್ಟಿರುತ್ತದೆ ಎಂದು ಹೇಳಬೇಕಿಲ್ಲ. ಡಿಸ್ಟಿಲ್ಡ್ ವಾಟರಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿದ ಕೆಲಸ ಅಂಥ ನೀರಿನಲ್ಲಿ ಎಷ್ಟು ಹೊತ್ತು ಹಿಡಿಯಿತು ಎಂಬ ಸಂಖ್ಯೆಯನ್ನು ಪ್ರಬಂಧಗಳಲ್ಲಿ ಹುಡುಕಿ ನೋಡಿ, ಅಪರೂಪಕ್ಕೆ ಸಿಗುತ್ತದೆ.

ಸರಿಯಾದ ಪ್ರಶ್ನೆ ಕೇಳಿದವರೂ ಇದ್ದಾರೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಹತ್ತಾರು ಔಷಧಿ ಕಾರ್ಖಾನೆಗಳ ತ್ಯಾಜ್ಯನೀರನ್ನು ಒಂದೇ ಘಟಕದಲ್ಲಿ ಸಂಸ್ಕರಿಸುತ್ತಿದ್ದರು. ಸಂಸ್ಕರಿಸಿ ಹೊರಬಿಟ್ಟ ನೀರನ್ನು ಸ್ವೀಡನ್ನಿನ ಯೋಆಕಿಂ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ವರದಿ ಜಗತ್ತನ್ನೇ ಬೆಚ್ಚಿಬೀಳಿಸಿತು. ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚು. ಇಂಥ ನೀರಿನಲ್ಲಿ ಬೆಳೆದು ಬದುಕುಳಿಯುವ ಬ್ಯಾಕ್ಟೀರಿಯಾಗಳಿಗೆ ಔಷಧಿ ನಾಟದಿರುವುದರಲ್ಲಿ ಆಶ್ಚರ್ಯವೇನು?

ಸಾಮಾನ್ಯ ಶುದ್ಧೀಕರಣ ಘಟಕದ ಜೀವಾಣುಗಳು ಸಿಪ್ರೊಫ್ಲಾಕ್ಸಸಿನ್ ತಿನ್ನಲಾರವು, ಅದು ಅವನ್ನೇ ಕೊಲ್ಲಲು ಹುಟ್ಟಿದ್ದು. ದ್ಯುತಿವೇಗವರ್ಧನೆಗೆ ತಕ್ಕ ಕೆಲಸ ಇದು. ಅದರ ಮೇಲೆ ಅಮೆರಿಕದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಹಿಡಿಸಿದ್ದು. ಟೈಟಾನಿಯಂ ಪುಡಿ, ಬೆಳಕುಗಳಿಂದ ಸಿಪ್ರೊಫ್ಲಾಕ್ಸಸಿನ್ ಎಷ್ಟು ಕಡಿಮೆಯಾಯಿತು ಎಂದು ಅಳೆದು ಅವರು ಸುಮ್ಮನಾಗಲಿಲ್ಲ. ಒಡೆದ ತುಂಡುಗಳಿರುವ ನೀರನ್ನು ಇ. ಕೋಲಿ ಬ್ಯಾಕ್ಟೀರಿಯಾದ ಮೇಲೆ ಹಾಕಿ, ಅದಕ್ಕೆ ಇನ್ನೂ ಕೊಲ್ಲುವ ಶಕ್ತಿ ಉಳಿದಿದೆಯೇ ಎಂದು ನೋಡಿದರು. ಮೂಲ ಔಷಧಿ ಎಷ್ಟು ಕಡಿಮೆಯಾಗಿತ್ತೋ ಆ ಶಕ್ತಿಯೂ ಅಷ್ಟೇ ಇಳಿದಿತ್ತು, ತುಂಡುಗಳಲ್ಲಿ ಗಣನೆಗೆ ಬರುವಷ್ಟು ಉಳಿದಿರಲಿಲ್ಲ. ಅಣು ಪೂರ್ತಿ ಖನಿಜೀಕರಣವಾಗದಿದ್ದರೂ ಅದರ ಕೆಟ್ಟ ಗುಣ ಹೋಯಿತು ಎಂದು ಧೈರ್ಯವಾಗಿ ಹೇಳಬಹುದಾದದ್ದು ಈ ಪರೀಕ್ಷೆಯಿಂದ. ಎಲ್ಲ ಔಷಧಿಗಳಿಗೂ ಹೀಗೇ ಆಗುತ್ತದೆ ಎನ್ನುವಂತಿಲ್ಲ, ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು.

ಇನ್ನು ಬೆಳಕಿನ ಪ್ರಶ್ನೆ. ಭೂಮಿಗೆ ಬರುವ ಬಿಸಿಲಿನಲ್ಲಿ ನೇರಳಾತೀತದ ಪಾಲು ಶೇಕಡಾ 4ರಿಂದ 5. ಟೈಟಾನಿಯಂ ಪುಡಿಗೆ ಬೇಕಾದದ್ದು ಆ ಸಣ್ಣ ಪಾಲು ಮಾತ್ರ. ಗೋಚರ ಬೆಳಕನ್ನೂ ಬಳಸುವ ವಸ್ತು ಬೇಕೆಂದು ಎರಡು ದಶಕಗಳಿಂದ ದೊಡ್ಡ ಹುಡುಕಾಟ ನಡೆದಿದೆ. 2001ರಲ್ಲಿ ಜಪಾನಿನ ಟೊಯೊಟಾ ಸಂಶೋಧನಾ ಕೇಂದ್ರದವರು ಟೈಟಾನಿಯಂ ಡೈಆಕ್ಸೈಡ್‌ಗೆ ಸ್ವಲ್ಪ ನೈಟ್ರೋಜನ್ ಸೇರಿಸಿ ಬಿಳಿ ಪುಡಿಯನ್ನು ಹಳದಿಯಾಗಿಸಿದರು, ಅದು ಗೋಚರ ಬೆಳಕಿನಲ್ಲೂ ಕೆಲಸ ಮಾಡಿತು. 2009ರಲ್ಲಿ ಗ್ರಾಫಿಟಿಕ್ ಕಾರ್ಬನ್ ನೈಟ್ರೈಡ್ ಬೆಳಕಿಗೆ ಬಂತು. ಲೋಹವೇ ಇಲ್ಲದ ಹಳದಿ ಪುಡಿ, ಬ್ಯಾಂಡ್ ಗ್ಯಾಪ್ 2.7, ಯೂರಿಯಾವನ್ನೋ ಮೆಲಮೀನನ್ನೋ 550 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಸಿಗುತ್ತದೆ. ನಮ್ಮಂಥ ದೇಶಕ್ಕೆ ಒಪ್ಪುವ ವಸ್ತು. ಕ್ಯಾಡ್ಮಿಯಂ ಸಲ್ಫೈಡ್ ಕೂಡ ಗೋಚರ ಬೆಳಕನ್ನು ಚೆನ್ನಾಗಿ ಹೀರುತ್ತದೆ, ಆದರೆ ಬೆಳಕಿನಲ್ಲಿ ತಾನೇ ಕರಗುತ್ತ ನೀರಿಗೆ ಕ್ಯಾಡ್ಮಿಯಂ ಬಿಡುತ್ತದೆ. ನೀರು ಶುದ್ಧಮಾಡಲು ನೀರಿಗೆ ವಿಷ ಬೆರೆಸುವುದನ್ನು ನಾನಂತೂ ಸಂಶೋಧನೆಯ ಪ್ರಗತಿ ಎಂದು ಒಪ್ಪಲಾರೆ.

ಕೆಲಸ ಮುಗಿದ ಮೇಲೆ ಪುಡಿಯನ್ನು ನೀರಿನಿಂದ ತೆಗೆಯುವುದು ಮತ್ತೊಂದು ತಲೆನೋವು. 20 ನ್ಯಾನೋಮೀಟರಿನ ಕಣ ತಾನಾಗಿ ತಳಕ್ಕಿಳಿಯುವುದಿಲ್ಲ, ಸಾಮಾನ್ಯ ಸೋಸುಬಟ್ಟೆಗೆ ಸಿಗುವುದಿಲ್ಲ. ಗಾಜಿಗೋ ಪಿಂಗಾಣಿಗೋ ಅಂಟಿಸಿದರೆ ತೆಗೆಯುವ ಗೋಳಿಲ್ಲ, ಆದರೆ ಕಷ್ಟಪಟ್ಟು ಗಳಿಸಿದ ಮೈ ಬಹುಪಾಲು ಮುಚ್ಚಿಹೋಗುತ್ತದೆ. ಅಯಸ್ಕಾಂತ ಸೆಳೆಯುವ ಮ್ಯಾಗ್ನೆಟೈಟ್ ತಿರುಳಿನ ಮೇಲೆ ಟೈಟಾನಿಯಂ ಹೊದಿಸುವ ಉಪಾಯವೂ ಬಂತು. ನೇರವಾಗಿ ಹೊದಿಸಿದಾಗ ಬೆಳಕಿನಲ್ಲಿ ಒಳಗಿನ ಕಬ್ಬಿಣವೇ ಕರಗಲಾರಂಭಿಸಿತು, ನಡುವೆ ಸಿಲಿಕಾ ಪದರ ಕೊಡಬೇಕಾಯಿತು. ಒಂದು ಗಂಟು ಬಿಚ್ಚಿದರೆ ಇನ್ನೊಂದು.

ಎಲ್ಲಕ್ಕಿಂತ ಕಠೋರವಾದದ್ದು ಕರೆಂಟಿನ ಲೆಕ್ಕ. ಸಾವಿರ ಲೀಟರ್ ನೀರಿನಲ್ಲಿರುವ ಒಂದು ಮಾಲಿನ್ಯವನ್ನು ಹತ್ತನೇ ಒಂದಕ್ಕೆ ಇಳಿಸಲು ಎಷ್ಟು ಯೂನಿಟ್ ಕರೆಂಟು ಬೇಕು ಎಂಬುದು ಈ ಕ್ಷೇತ್ರದವರು ಒಪ್ಪಿಕೊಂಡ ಅಳತೆಗೋಲು. ಪ್ರಕಟವಾದ ನೂರಾರು ಅಂಕಿಗಳನ್ನು ಒಟ್ಟುಮಾಡಿ 2018ರಲ್ಲಿ ಬಂದ ಒಂದು ಸಮೀಕ್ಷೆಯ ಪ್ರಕಾರ ಓಝೋನ್ ವಿಧಾನದ ಮಧ್ಯಾಂಕ 0.15 ಯೂನಿಟ್. ನೇರಳಾತೀತ ದೀಪದ ಜೊತೆ ಹೈಡ್ರೋಜನ್ ಪೆರಾಕ್ಸೈಡ್ ಬಳಸಿದರೆ 0.75. ನೇರಳಾತೀತ ದೀಪದ ಕೆಳಗಿನ ದ್ಯುತಿವೇಗವರ್ಧನೆಗೆ 335. ಪ್ರಯೋಗಾಲಯದ ಸಣ್ಣ ಉಪಕರಣಗಳ ಅಂಕಿಗಳೇ ಇದರಲ್ಲಿ ಹೆಚ್ಚು, ನಿಜ. ಆದರೂ ಪೆರಾಕ್ಸೈಡ್ ವಿಧಾನದೊಡನೆ ಹೋಲಿಸಿದರೂ ನಾನೂರು ಪಟ್ಟು ಮೀರುವ ಅಂತರವನ್ನು ಯಾವ ಸಮಜಾಯಿಷಿಯೂ ಮುಚ್ಚಲಾರದು. ಊರಿನ ನೀರು ಸರಬರಾಜಿನ ಇಂಜಿನಿಯರ್ ಈ ವಿಧಾನವನ್ನು ಏಕೆ ಕೈಗೆತ್ತಿಕೊಂಡಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ಹಾಗಾದರೆ ದೀಪ ಬಿಟ್ಟು ಬಿಸಿಲಿಗೇ ಒಪ್ಪಿಸಿದರೆ? ಸ್ಪೇನ್ ದೇಶದ ಆಲ್ಮೇರಿಯಾ ಇದನ್ನು ಮಾಡಿ ತೋರಿಸಿದೆ. ಅಲ್ಲಿನ ತಬೆರ್ನಾಸ್ ಎಂಬ ಮರುಭೂಮಿಯಲ್ಲಿ ಸೌರ ಸಂಶೋಧನಾ ಕೇಂದ್ರವಿದೆ. ಅದೇ ಜಿಲ್ಲೆಯಲ್ಲಿ ಯುರೋಪಿಗೆ ತರಕಾರಿ ಬೆಳೆಯುವ ಪ್ಲಾಸ್ಟಿಕ್ ಹಸಿರುಮನೆಗಳು ಮೈಲಿಗಟ್ಟಲೆ ಹಬ್ಬಿವೆ. ಕೀಟನಾಶಕದ ಖಾಲಿ ಡಬ್ಬಗಳ ರಾಶಿಯೂ ಅಷ್ಟೇ. ಡಬ್ಬ ಚೂರುಮಾಡಿ ತೊಳೆದಾಗ ಬರುವ ನೀರಿನಲ್ಲಿ ಹತ್ತಾರು ಕೀಟನಾಶಕಗಳು ಬೆರೆತಿರುತ್ತವೆ. ಗಾಜಿನ ಕೊಳವೆಗಳ ಹಿಂದೆ ಬಾಗಿದ ಅಲ್ಯೂಮಿನಿಯಂ ಕನ್ನಡಿ ಇಟ್ಟು, ಕೊಳವೆಯೊಳಗೆ ಆ ನೀರನ್ನು ಸುತ್ತಿಸಿ ಬಿಸಿಲಿಗೆ ಒಡ್ಡುವ ಘಟಕ ಅಲ್ಲಿ 2004ರ ಹೊತ್ತಿಗೆ ಶುರುವಾಯಿತು. ಕನ್ನಡಿಗಳ ವಿಸ್ತೀರ್ಣ 150 ಚದರ ಮೀಟರ್. ಗಮನಿಸಬೇಕಾದದ್ದು, ಅಲ್ಲಿ ಕೆಲಸ ಮಾಡಿದ್ದು ಟೈಟಾನಿಯಂ ಪುಡಿಯಲ್ಲ. ಕಬ್ಬಿಣದ ಲವಣ, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲು ಸೇರಿ ಅದೇ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿಸುವ ಫೋಟೋ-ಫೆಂಟನ್ ವಿಧಾನ. ಎರಡನ್ನೂ ವರ್ಷಗಟ್ಟಲೆ ಹೋಲಿಸಿ ನೋಡಿದವರು ಅಗ್ಗವೂ ಚುರುಕೂ ಆದದ್ದನ್ನು ಆರಿಸಿಕೊಂಡರು. ನೀರು ಸ್ವಲ್ಪ, ವಿಷ ಹೆಚ್ಚು, ಬಿಸಿಲು ಬೇಕಾದಷ್ಟು ಎನ್ನುವ ಜಾಗ ಹುಡುಕಿದ್ದೇ ಅವರ ಜಾಣತನ.

ಈ ಜಾಣತನ ನಮಗೂ ಬೇಕು. 2015ರಲ್ಲಿ, ಮತ್ತೆ 2017ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಾಗ ದೇಶವೆಲ್ಲ ನೋಡಿತು. ಆ ಕೆರೆಯ ಮೂಲ ರೋಗ ಮನೆಮನೆಯಿಂದ ಹರಿದುಬರುವ ಕೊಳಚೆ. ಕೊಳಚೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿವೆ, ಅವು ಬೆಳಕಿಗೂ ಕಾಯುವುದಿಲ್ಲ. ಅಲ್ಲಿ ಬೇಕಾದದ್ದು ಸರಿಯಾಗಿ ನಡೆಯುವ ಕೊಳಚೆ ಶುದ್ಧೀಕರಣ ಘಟಕಗಳು. ಕಪ್ಪು ನೀರಿನಲ್ಲಿ ನೇರಳಾತೀತ ಕಿರಣ ಕೆಲವು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಸತ್ತುಹೋಗುತ್ತದೆ, ನ್ಯಾನೋ ಪುಡಿ ಅಲ್ಲಿ ಹಣದ ಪೋಲು. ಪಾವಗಡದ ನೀರಿನಲ್ಲಿರುವ ಫ್ಲೋರೈಡಿಗೂ ಇದರಿಂದ ಪ್ರಯೋಜನವಿಲ್ಲ, ಏಕೆಂದರೆ ಫ್ಲೋರಿನ್ ಒಂದು ಮೂಲವಸ್ತು. ಅಣುವನ್ನು ಒಡೆಯಬಹುದು, ಮೂಲವಸ್ತುವನ್ನು ಸೋಸಿ ತೆಗೆಯಬೇಕಷ್ಟೆ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ ಬರುವ ಆರು ವೇಲೆನ್ಸಿಯ ಕ್ರೋಮಿಯಂ ಮಾತ್ರ ನಡುವಿನ ಪ್ರಕರಣ. ಬೆಳಕಿನಿಂದ ಹಾರಿದ ಎಲೆಕ್ಟ್ರಾನ್ ಅದನ್ನು ಮೂರು ವೇಲೆನ್ಸಿಗೆ ಇಳಿಸಿ ವಿಷ ಕಡಿಮೆ ಮಾಡುತ್ತದೆ, ಲೋಹ ಎಲ್ಲಿಗೂ ಹೋಗಿರುವುದಿಲ್ಲ, ಕೆಸರಾಗಿ ಇಳಿಸಿ ಬೇರ್ಪಡಿಸಬೇಕು.

ನ್ಯಾನೋ ವಸ್ತುಗಳು ನಮ್ಮ ಮನೆಗಳನ್ನು ಮುಟ್ಟಿದ್ದು ಬೆಳಕಿನ ಹಂಗಿಲ್ಲದ ಇನ್ನೊಂದು ದಾರಿಯಿಂದ. ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರ ತಂಡ ಬೆಳ್ಳಿಯ ನ್ಯಾನೋ ಕಣಗಳಿಂದ ಕೀಟನಾಶಕ ತೆಗೆಯುವ ವಿಧಾನ ಕಂಡುಹಿಡಿಯಿತು, ಅದು 2007ರ ಸುಮಾರಿಗೆ ಮನೆಬಳಕೆಯ ಫಿಲ್ಟರಿಗೆ ಬಂತು. ಆರ್ಸೆನಿಕ್ ಹೀರುವ ಕಬ್ಬಿಣದ ನ್ಯಾನೋ ವಸ್ತುವಿನ 'ಅಮೃತ್' ಫಿಲ್ಟರೂ ಅದೇ ಪ್ರಯೋಗಾಲಯದ್ದು. ಎರಡೂ ನಿಲ್ಲಬೇಕಾದದ್ದು ಹಳ್ಳಿಯ, ಮನೆಯ ನಿಜವಾದ ನೀರಿನಲ್ಲಿ.

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ವಿಷಯದ ಮೇಲೆ ಕೆಲಸ ಮಾಡುತ್ತಿರುವ ವಿದ್ಯಾರ್ಥಿಗಳಿಗೂ ಅವರ ಮಾರ್ಗದರ್ಶಕರಿಗೂ ಒಂದು ವಿನಂತಿ. ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕದ ನೀರನ್ನು, ಇಳಕಲ್ಲಿನ ಬಣ್ಣದ ಮನೆಯ ನೀರನ್ನು, ನಿಮ್ಮೂರಿನ ಬೋರ್‌ವೆಲ್ ನೀರನ್ನು ಒಂದು ಕ್ಯಾನ್ ತುಂಬಿ ತನ್ನಿ. ನಿಮ್ಮ ಪುಡಿ ಅದರಲ್ಲಿ ಏನು ಮಾಡುತ್ತದೆ ನೋಡಿ. ಬಣ್ಣದ ಜೊತೆಗೆ ಒಟ್ಟು ಸಾವಯವ ಇಂಗಾಲ ಎಷ್ಟು ಇಳಿಯಿತು ಅಳೆಯಿರಿ. ನಿಮ್ಮಲ್ಲಿ ಅದನ್ನು ಅಳೆಯುವ ಯಂತ್ರವಿಲ್ಲದಿದ್ದರೆ ಇರುವ ಸಂಸ್ಥೆಗೆ ಮಾದರಿ ಕಳಿಸಿ. ಸಂಸ್ಕರಿಸಿದ ನೀರಿನಲ್ಲಿ ಹೆಸರುಕಾಳು ಮೊಳಕೆಯೊಡೆಯುತ್ತದೆಯೇ, ಮೀನುಮರಿ ಬದುಕುತ್ತದೆಯೇ ಪರೀಕ್ಷಿಸಿ. ಫಲಿತಾಂಶ ಕೆಟ್ಟದಾಗಿ ಬಂದರೆ ಅದನ್ನೂ ಮುಚ್ಚಿಡದೆ ಪ್ರಕಟಿಸಿ.